ನಾಣ್ಯ ಮತ್ತು ನೋಟುಗಳ ಸಂಗ್ರಹ: ವಸ್ತುವೂ ಅದರ ವೃತ್ತಾಂತವೂ

ನನ್ನ ತಂದೆಯವರು ತೀರಿಕೊಂಡ ಮೇಲೆ ಕುಂದಾಪುರದ ಮನೆಯ ಕಪಾಟನ್ನು ತೆರವು ಮಾಡುವಾಗ ಒಂದು ಹಳೆಯ ಬಿಸ್ಕತ್ತಿನ ಡಬ್ಬಿ ಕೈಗೆ ಬಂತು. ಅದರಲ್ಲಿ ಆನೆಯ ಚಿತ್ರವಿದ್ದ ಏಳೆಂಟು ತಾಮ್ರದ ಕಾಸುಗಳಿದ್ದವು. ವಿಕ್ಟೋರಿಯಾ ರಾಣಿ ಮತ್ತು ಐದನೆಯ ಜಾರ್ಜರ ಕಾಲದ ಬೆಳ್ಳಿಯ ರೂಪಾಯಿಗಳಿದ್ದವು. ತುಂಬು ಮೈಕಟ್ಟಿನ ಮಹಿಳೆಯ ಮುಖವೂ 1780 ಎಂಬ ಇಸವಿಯೂ ಇದ್ದ ಒಂದು ದೊಡ್ಡ ಬೆಳ್ಳಿಯ ನಾಣ್ಯವಿತ್ತು. ಜೊತೆಗೆ ನಾಲ್ಕು ಮಡಿಕೆ ಮಾಡಿಟ್ಟ, ಕೆಂಪು ಬಣ್ಣದ ಹತ್ತು ರೂಪಾಯಿಯ ಒಂದು ನೋಟು. ಇವು ಎಲ್ಲಿಂದ ಬಂದವು, ಯಾರು ತಂದರು, ಯಾವಾಗ ತಂದರು ಎಂಬುದನ್ನು ತಿಳಿಸುವ ಒಂದು ಚೀಟಿಯೂ ಅಲ್ಲಿರಲಿಲ್ಲ. ತಿಳಿದಿದ್ದವರು ತಂದೆಯವರೊಬ್ಬರೇ, ನಾನು ಅವರನ್ನು ಕೇಳಿರಲಿಲ್ಲ.

ವೃತ್ತಿಯಿಂದ ನಾನು ವೈದ್ಯ. ರೋಗಿಯ ಪೂರ್ವವೃತ್ತಾಂತವನ್ನು ಕೇಳದೆ ಕೇವಲ ನಾಡಿ ಹಿಡಿದು ರೋಗನಿರ್ಣಯ ಮಾಡಬಾರದೆಂದು ನಮಗೆ ಮೊದಲ ವರ್ಷಗಳಲ್ಲೇ ಕಲಿಸುತ್ತಾರೆ. ನಾಣ್ಯಗಳ ವಿಷಯದಲ್ಲಿಯೂ ಇದೇ ನಿಯಮ ಸಲ್ಲುತ್ತದೆಂಬುದನ್ನು ಆ ಡಬ್ಬಿಯಿಂದ ನಾನು ತಡವಾಗಿ ಕಲಿತೆ. ಹಳೆಯ ನಾಣ್ಯಗಳನ್ನೂ ನೋಟುಗಳನ್ನೂ ಸಂಗ್ರಹಿಸುವ ಹವ್ಯಾಸವನ್ನು ಪರಿಚಯಿಸುವ ಈ ಲೇಖನದ ಹಿಂದೆ ಆ ಪಾಠವಿದೆ.

ಮಾತಿನಲ್ಲಿ ಉಳಿದ ನಾಣ್ಯಗಳು

ನಾಣ್ಯಶಾಸ್ತ್ರವೆಂಬುದು ನಾಣ್ಯ, ನೋಟು, ಪದಕ, ಬಿಲ್ಲೆ ಇತ್ಯಾದಿಗಳನ್ನು ಅಧ್ಯಯನ ಮಾಡುವ ಇತಿಹಾಸದ ಒಂದು ಶಾಖೆ. ಕನ್ನಡಿಗರಿಗೆ ಇದರ ಮೊದಲ ಪಾಠಗಳು ತಾಯ್ನುಡಿಯಲ್ಲೇ ದೊರೆಯುತ್ತವೆ. ಇಂದು ನಾವು ಸಾಮಾನ್ಯಾರ್ಥದಲ್ಲಿ ಬಳಸುವ 'ಹಣ' ಒಂದು ಕಾಲಕ್ಕೆ ಪುಟ್ಟ ಚಿನ್ನದ ನಾಣ್ಯದ ಹೆಸರು. 'ದುಡ್ಡು' ಮತ್ತು 'ಕಾಸು' ತಾಮ್ರದ ನಾಣ್ಯಗಳ ಹೆಸರುಗಳು. 'ಹದಿನಾರಾಣೆ ಸತ್ಯ' ಎನ್ನುವಾಗ, ರೂಪಾಯಿಗೆ ಹದಿನಾರು ಆಣೆ ಇದ್ದ ಕಾಲವನ್ನು ನೆನೆಯುತ್ತೇವೆ. 1957ರ ಏಪ್ರಿಲ್ 1ರಂದು ದಶಮಾಂಶ ಪದ್ಧತಿ ಜಾರಿಗೆ ಬಂದು ರೂಪಾಯಿಗೆ ನೂರು ನಯಾಪೈಸೆಯಾದರೂ ಆಣೆಯ ಮಾತು ಬಾಯಿಂದ ಹೋಗಲಿಲ್ಲ. ನಮ್ಮ ಅಜ್ಜಿಯರು ಕಷಾಯದ ಸಾಮಾನನ್ನು 'ಒಂದು ರೂಪಾಯಿ ತೂಕ' ಎಂದು ಹೇಳುತ್ತಿದ್ದುದಕ್ಕೂ ಕಾರಣವಿದೆ: ಬ್ರಿಟಿಷರ ಕಾಲದ ಬೆಳ್ಳಿಯ ರೂಪಾಯಿ ಸರಿಯಾಗಿ ಒಂದು ತೊಲೆ, ಅಂದರೆ 11.66 ಗ್ರಾಂ ತೂಗುತ್ತಿತ್ತು.

ಲೋಕದ ಮಟ್ಟಿಗೆ ಹೇಳುವುದಾದರೆ, ಈಗಿನ ಟರ್ಕಿಯ ಪಶ್ಚಿಮ ಭಾಗದಲ್ಲಿದ್ದ ಲಿಡಿಯಾ ರಾಜ್ಯದಲ್ಲಿ ಕ್ರಿಸ್ತಪೂರ್ವ 7ನೇ ಶತಮಾನದ ಸುಮಾರಿಗೆ ಚಿನ್ನ-ಬೆಳ್ಳಿಗಳ ಸಹಜ ಮಿಶ್ರಲೋಹದಿಂದ ನಾಣ್ಯಗಳು ತಯಾರಾದವು. ಭಾರತದ ಮುದ್ರಾಂಕಿತ ಬೆಳ್ಳಿಯ ತುಣುಕುಗಳೂ ಚೀನಾದ ನಡುವೆ ಚೌಕ ರಂಧ್ರವಿರುವ ಎರಕದ ನಾಣ್ಯಗಳೂ ತಮ್ಮದೇ ದಾರಿಯಲ್ಲಿ ಬೆಳೆದವು. ಕಾಗದದ ಹಣ ಹುಟ್ಟಿದ್ದು ಚೀನಾದ ಸಿಚುವಾನ್ ಪ್ರಾಂತ್ಯದಲ್ಲಿ. ಅಲ್ಲಿನ ಕಬ್ಬಿಣದ ನಾಣ್ಯಗಳ ಹೊರೆಯನ್ನು ಹೊರಲಾರದ ವ್ಯಾಪಾರಿಗಳು ರಸೀದಿಗಳನ್ನು ಕೈ ಬದಲಿಸತೊಡಗಿದರು. 11ನೇ ಶತಮಾನದ ಆದಿಯಲ್ಲಿ ಸೋಂಗ್ ಅರಸರ ಆಡಳಿತ ಆ ವ್ಯವಸ್ಥೆಯನ್ನು ತನ್ನ ವಶಕ್ಕೆ ತೆಗೆದುಕೊಂಡಿತು. ಯುರೋಪಿನಲ್ಲಿ ಮೊದಲ ಬಾರಿಗೆ ನೋಟು ಹೊರಡಿಸಿದ್ದು 1661ರಲ್ಲಿ ಸ್ವೀಡನ್ನಿನ ಒಂದು ಬ್ಯಾಂಕು. ಅಲ್ಲಿಯೂ ಹೊರೆಯೇ ಮುಖ್ಯ ಕಾರಣ. ಆ ದೇಶದ ಹತ್ತು ಡಾಲೆರ್ ಮೌಲ್ಯದ ತಾಮ್ರದ ಫಲಕವೊಂದು 19 ಕಿಲೋಗ್ರಾಮಿಗೂ ಮೀರಿ ತೂಗುತ್ತಿತ್ತು.

ವೈದ್ಯರು ಮತ್ತು ನಾಣ್ಯಗಳು

ನನ್ನ ವೃತ್ತಿಬಾಂಧವರಿಗೂ ಈ ಹವ್ಯಾಸಕ್ಕೂ ಹಳೆಯ ನಂಟಿದೆ. 1753ರಲ್ಲಿ ನಿಧನರಾದ ವೈದ್ಯ ಹಾನ್ಸ್ ಸ್ಲೋನ್ ಅವರ ಸುಮಾರು 71,000 ವಸ್ತುಗಳ ಸಂಗ್ರಹವೇ ಬ್ರಿಟಿಷ್ ಮ್ಯೂಸಿಯಮ್ಮಿನ ಅಡಿಪಾಯ. ಅದರಲ್ಲಿ ಸಾವಿರಾರು ನಾಣ್ಯಗಳೂ ಪದಕಗಳೂ ಇದ್ದವು. ಅಂಗರಚನಾಶಾಸ್ತ್ರಜ್ಞ ಹಾಗೂ ಪ್ರಸೂತಿತಜ್ಞ ವಿಲಿಯಂ ಹಂಟರ್ (1718–1783) ತಮ್ಮ ಗಳಿಕೆಯ ದೊಡ್ಡ ಪಾಲನ್ನು ನಾಣ್ಯಗಳಿಗೆ ಸುರಿದರು. ಅವರು ಬಿಟ್ಟುಹೋದ ಸುಮಾರು 30,000 ನಾಣ್ಯಗಳನ್ನು ಗ್ಲಾಸ್ಗೋ ವಿಶ್ವವಿದ್ಯಾಲಯದ ಹಂಟೇರಿಯನ್ ವಸ್ತುಸಂಗ್ರಹಾಲಯ ಕಾಪಾಡುತ್ತಿದೆ. ಬ್ರಿಟನ್ನಿನಲ್ಲಿ ನೆಲೆಸಿದ ಮೇಲೆ ನಾನು ಅಲ್ಲಿಗೆ ಹಲವು ಸಲ ಹೋಗಿದ್ದೇನೆ.

ಇದೇ ಪರಂಪರೆಯಲ್ಲಿ ಎಚ್ಚರಿಕೆಯ ಉದಾಹರಣೆಯೂ ಒಂದಿದೆ. ನಾಣ್ಯದ ಸ್ಥಿತಿಯನ್ನು 1ರಿಂದ 70ರವರೆಗಿನ ಅಂಕಗಳಲ್ಲಿ ಅಳೆಯುವ, ಇಂದು ಲೋಕವೆಲ್ಲ ಬಳಸುವ ಮಾನದಂಡಕ್ಕೆ ಮೂಲವಾದದ್ದು ಅಮೆರಿಕದ ವಿಲಿಯಂ ಶೆಲ್ಡನ್ ಅವರ 1949ರ ಪುಸ್ತಕ. ಶೆಲ್ಡನ್ ಮನಶ್ಶಾಸ್ತ್ರಜ್ಞರೂ ವೈದ್ಯಪದವೀಧರರೂ ಆಗಿದ್ದರು. ಅವರ ಮರಣಾನಂತರ ಒಂದು ಸಂಗತಿ ಬಯಲಾಯಿತು: ನ್ಯೂಯಾರ್ಕಿನ ಅಮೆರಿಕನ್ ನ್ಯೂಮಿಸ್ಮ್ಯಾಟಿಕ್ ಸೊಸೈಟಿಯ ಸಂಗ್ರಹದಲ್ಲಿದ್ದ ಉತ್ತಮ ತಾಮ್ರದ ಸೆಂಟುಗಳನ್ನು ಅವರು ತೆಗೆದುಕೊಂಡು, ಆ ಜಾಗದಲ್ಲಿ ಕೀಳುದರ್ಜೆಯವನ್ನು ಇಟ್ಟಿದ್ದರು. ಕಳವು ಪತ್ತೆಯಾದದ್ದು ಹಳೆಯ ಛಾಯಾಚಿತ್ರಗಳಿಂದ. ಪ್ರತಿಯೊಂದು ನಾಣ್ಯದ ಮೇಲಿರುವ ಗೀರು, ಚುಕ್ಕೆ, ಸವೆತಗಳು ಮನುಷ್ಯನ ಬೆರಳಚ್ಚಿನಷ್ಟೇ ವಿಶಿಷ್ಟ. ದಾಖಲೆ ಇದ್ದುದರಿಂದ ಸತ್ಯ ಹೊರಬಂತು.

ಕೆಂಪು ನೋಟಿನ ವೃತ್ತಾಂತ

ಡಬ್ಬಿಯಲ್ಲಿದ್ದ ಕೆಂಪು ನೋಟು ನಮ್ಮ ಮನೆಯಲ್ಲಿ ಮಾತನಾಡಬಾರದ ವಿಷಯವಾಗಿತ್ತು. ಚಿಕ್ಕಪ್ಪ 1960ರ ದಶಕದ ಆರಂಭದಲ್ಲಿ ಬಹರೈನಿಗೆ ಕೆಲಸಕ್ಕೆ ಹೋಗಿದ್ದರು. ರಜೆಗೆ ಬಂದಾಗ ಅವರು ಕೊಟ್ಟ ನೋಟುಗಳನ್ನು ಪೇಟೆಯ ಅಂಗಡಿಯವರು ತೆಗೆದುಕೊಳ್ಳಲಿಲ್ಲವಂತೆ. ಊರಿನ ಹತ್ತು ರೂಪಾಯಿಯ ನೋಟು ನೇರಳೆ ಬಣ್ಣದ್ದು, ಇದು ಕೆಂಪು; ಆದ್ದರಿಂದ ಖೋಟಾ ಎಂಬ ತೀರ್ಮಾನವಾಯಿತು. ಚಿಕ್ಕಪ್ಪ ಖೋಟಾ ನೋಟು ತಂದರೆಂಬ ಮಾತು ಊರಿಡೀ ಹಬ್ಬಿತು. ಅವರು ಮರಳಿ ಹೋದವರು ಆಮೇಲೆ ಊರಿಗೆ ಬಂದದ್ದೇ ಅಪರೂಪ.

ನೋಟನ್ನು ಬೆಳಕಿಗೆ ಹಿಡಿದು ನೋಡಿದಾಗ ಅಶೋಕಸ್ತಂಭದ ನೀರಚ್ಚು ಸ್ಪಷ್ಟವಾಗಿತ್ತು. ಹಿಂಬದಿಯಲ್ಲಿ ಹಾಯಿಹಡಗಿನ ಚಿತ್ರವಿತ್ತು. ಕ್ರಮಸಂಖ್ಯೆಯ ಮೊದಲಿಗೆ ಇಂಗ್ಲಿಷಿನ ಕೊನೆಯ ಅಕ್ಷರ 'ಝಡ್' ಇತ್ತು. ಅದೇ ಅದರ ಗುರುತು. ಅದು ಭಾರತದ ರಿಸರ್ವ್ ಬ್ಯಾಂಕ್ ಹೊರಡಿಸಿದ 'ಗಲ್ಫ್ ರೂಪಾಯಿ'.

ಹಿನ್ನೆಲೆ ಹೀಗಿದೆ. ಕುವೈತ್, ಬಹರೈನ್, ಕತಾರ್, ಈಗಿನ ಸಂಯುಕ್ತ ಅರಬ್ ಸಂಸ್ಥಾನಗಳು ಮತ್ತು ಒಮಾನಿನ ಭಾಗಗಳಲ್ಲಿ ಬ್ರಿಟಿಷರ ಕಾಲದಿಂದಲೂ ಭಾರತದ ರೂಪಾಯಿಯೇ ಚಲಾವಣೆಯಲ್ಲಿತ್ತು. ಸ್ವಾತಂತ್ರ್ಯಾನಂತರವೂ ಅದು ಮುಂದುವರಿಯಿತು. ಆದರೆ ಭಾರತದಿಂದ ಕಳ್ಳದಾರಿಯಲ್ಲಿ ಹೋದ ರೂಪಾಯಿಗಳಿಂದ ಅಲ್ಲಿ ಚಿನ್ನ ಕೊಳ್ಳುತ್ತಿದ್ದರು. ಆ ರೂಪಾಯಿಗಳು ವಿದೇಶಿ ವಿನಿಮಯಕ್ಕಾಗಿ ಮತ್ತೆ ಭಾರತಕ್ಕೇ ಬರುತ್ತಿದ್ದವು. ದೇಶದ ವಿದೇಶಿ ವಿನಿಮಯದ ಬೊಕ್ಕಸ ಹೀಗೆ ಸೋರುತ್ತಿತ್ತು. ಇದನ್ನು ತಡೆಯಲು 1959ರಲ್ಲಿ ಕಾನೂನಿಗೆ ತಿದ್ದುಪಡಿ ಮಾಡಿ, ಭಾರತದ ಹೊರಗೆ ಮಾತ್ರ ಚಲಿಸುವ ಪ್ರತ್ಯೇಕ ನೋಟುಗಳನ್ನು ಹೊರಡಿಸಲಾಯಿತು. ವಿನ್ಯಾಸ ಹೆಚ್ಚುಕಡಿಮೆ ಭಾರತದ್ದೇ, ಬಣ್ಣ ಬೇರೆ. ಒಂದು ಮತ್ತು ಹತ್ತು ರೂಪಾಯಿ ಕೆಂಪು, ಐದು ಕಿತ್ತಳೆ, ನೂರು ಹಸಿರು. ಮೆಕ್ಕಾ ಯಾತ್ರಿಕರಿಗಾಗಿ 'ಎಚ್‌ಎ' ಅಕ್ಷರಗಳುಳ್ಳ ಹತ್ತು ಮತ್ತು ನೂರು ರೂಪಾಯಿಯ ಹಜ್ ನೋಟುಗಳೂ ಬಂದವು.

ಈ ನೋಟುಗಳ ಆಯುಷ್ಯ ಅಲ್ಪ. 1961ರಲ್ಲಿ ಕುವೈತ್, 1965ರಲ್ಲಿ ಬಹರೈನ್ ತಮ್ಮ ತಮ್ಮ ದಿನಾರ್‌ಗಳನ್ನು ತಂದವು. ಬಹರೈನಿನಲ್ಲಿ ಹತ್ತು ರೂಪಾಯಿಗೆ ಒಂದು ದಿನಾರ್ ಸಿಕ್ಕಿತು. 1966ರ ಜೂನ್ 6ರಂದು ಭಾರತ ರೂಪಾಯಿಯನ್ನು ಅಪಮೌಲ್ಯಗೊಳಿಸಿ, ಡಾಲರಿಗೆ 4.76 ರೂಪಾಯಿ ಇದ್ದ ದರ 7.50 ಆದಾಗ ಕತಾರ್, ದುಬೈ, ಅಬುಧಾಬಿಗಳು ರೂಪಾಯಿಯನ್ನು ಕೈಬಿಟ್ಟವು. ಒಮಾನಿನಲ್ಲಿ ಮಾತ್ರ ಅದು 1970ರವರೆಗೆ ಉಳಿಯಿತು. ಚಲಾವಣೆಯಿಂದ ಹಿಂದೆ ಪಡೆದ ನೋಟುಗಳು ನಾಶವಾದುದರಿಂದ ಉಳಿದವು ಸಂಗ್ರಾಹಕರಿಗೆ ಬಹು ಬೆಲೆಯುಳ್ಳವಾಗಿವೆ.

ಅಂಗಡಿಯವರು ನೋಟನ್ನು ನಿರಾಕರಿಸಿದ್ದು ಕಾನೂನಿನ ಪ್ರಕಾರ ಸರಿಯೇ. ಅದು ಭಾರತದೊಳಗೆ ಚಲಿಸುವ ನೋಟಾಗಿರಲಿಲ್ಲ. ಖೋಟಾ ಎಂದದ್ದು ಮಾತ್ರ ಸುಳ್ಳು. ಚಿಕ್ಕಪ್ಪ ತಂದದ್ದು ಬೆವರಿನ ಸಂಬಳವನ್ನೇ. ಇದು ನನಗೆ ಖಚಿತವಾಗುವ ಹೊತ್ತಿಗೆ ಅವರು ಇರಲಿಲ್ಲ. ಚಿಕ್ಕಮ್ಮನಿಗೆ ಫೋನಿನಲ್ಲಿ ಎಲ್ಲವನ್ನೂ ವಿವರಿಸಿದೆ. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು, "ಅವರು ಸುಳ್ಳು ಹೇಳುವ ಜನ ಅಲ್ಲ ಅಂತ ನನಗೆ ಆವಾಗಲೂ ಗೊತ್ತಿತ್ತು ಮಗಾ. ನಿನ್ನ ಅಪ್ಪಯ್ಯನಿಗೂ ಗೊತ್ತಿತ್ತೋ ಏನೋ, ಅದಕ್ಕೇ ಇಟ್ಟುಕೊಂಡಿರಬೇಕು" ಎಂದರು. ಒಂದು ಚೀಟಿ ಇದ್ದಿದ್ದರೆ ಆ 'ಏನೋ' ಉಳಿಯುತ್ತಿರಲಿಲ್ಲ.

ಸೊನ್ನೆಗಳ ನೋಟುಗಳು

ಹೊಸದಾಗಿ ಸಂಗ್ರಹ ಆರಂಭಿಸುವವರಿಗೆ ಅಗ್ಗವಾಗಿ ದೊರೆತು ಹೆಚ್ಚು ಕಲಿಸುವ ವಸ್ತುಗಳೆಂದರೆ ಅತಿಹಣದುಬ್ಬರದ ಕಾಲದ ನೋಟುಗಳು. ಮೊದಲ ಮಹಾಯುದ್ಧಕ್ಕೆ ಮುನ್ನ ಜರ್ಮನಿಯಲ್ಲಿ ಡಾಲರಿಗೆ 4.2 ಮಾರ್ಕ್ ಇತ್ತು. 1923ರ ನವೆಂಬರಿನಲ್ಲಿ ಅದು 4.2 ಲಕ್ಷ ಕೋಟಿಗೆ ಏರಿತು. ಮುದ್ರಣದ ಅವಸರದಲ್ಲಿ ಎಷ್ಟೋ ನೋಟುಗಳು ಒಂದೇ ಮಗ್ಗುಲಲ್ಲಿ ಅಚ್ಚಾದವು. ಪುರಸಭೆಗಳೂ ಕಾರ್ಖಾನೆಗಳೂ 'ನೋಟ್‌ಗೆಲ್ಡ್' ಎಂಬ ಆಪತ್ಕಾಲದ ಹಣವನ್ನು ಹೊರಡಿಸಿದವು. ಬೀಲೆಫೆಲ್ಡ್ ಪಟ್ಟಣದವರು ರೇಷ್ಮೆಯ ಮೇಲೆ ಮುದ್ರಿಸಿದರೆ, ಮೈಸ್ಸೆನ್ನಿನಲ್ಲಿ ಪಿಂಗಾಣಿಯ ನಾಣ್ಯಗಳೇ ತಯಾರಾದವು.

ಹಂಗರಿಯ ಸ್ಥಿತಿ ಇನ್ನೂ ಘೋರ. 1946ರ ಜುಲೈಯಲ್ಲಿ ಅಲ್ಲಿ ಸುಮಾರು 15 ಗಂಟೆಗೊಮ್ಮೆ ಬೆಲೆಗಳು ಇಮ್ಮಡಿಯಾಗುತ್ತಿದ್ದವು. ಚಲಾವಣೆಗೆ ಬಂದ ಅತಿ ದೊಡ್ಡ ನೋಟಿನ ಮೌಲ್ಯವನ್ನು ಬರೆಯಬೇಕಾದರೆ ಒಂದರ ಮುಂದೆ 20 ಸೊನ್ನೆಗಳು ಬೇಕು. ಜಿಂಬಾಬ್ವೆಯ 2009ರ ನೋಟಿನ ಮೇಲೆ 14 ಸೊನ್ನೆಗಳಿವೆ. ನಮ್ಮ ಲೆಕ್ಕದಲ್ಲಿ ಅದು ಕೋಟಿ ಕೋಟಿ. ಇವನ್ನು ನೋಡಿ ನಗುವುದು ಸುಲಭ. ಆದರೆ ಇಂಥ ಪ್ರತಿ ನೋಟಿನ ಹಿಂದೆ ಜೀವಮಾನದ ಉಳಿತಾಯವನ್ನು ಕಳೆದುಕೊಂಡ ಸಂಸಾರಗಳಿವೆ.

ನಾಡಿನ ನಾಣ್ಯಗಳು

ಕರ್ನಾಟಕದ ನೆಲ ನಾಣ್ಯಗಳ ದೃಷ್ಟಿಯಿಂದ ಸಮೃದ್ಧ. ಚಿತ್ರದುರ್ಗದ ಚಂದ್ರವಳ್ಳಿಯಲ್ಲಿಯೂ ಬೆಂಗಳೂರಿನ ಯಶವಂತಪುರದಲ್ಲಿಯೂ ರೋಮನ್ ಬೆಳ್ಳಿಯ ನಾಣ್ಯಗಳು ದೊರೆತಿವೆ. ಹೊಯ್ಸಳ ವಿಷ್ಣುವರ್ಧನ ತನ್ನ ಚಿನ್ನದ ನಾಣ್ಯಗಳ ಮೇಲೆ ಕನ್ನಡದಲ್ಲೇ 'ಶ್ರೀ ತಳಕಾಡುಗೊಂಡ' ಎಂದು ಗೆಲುವನ್ನು ಸಾರಿದ. ಸುಮಾರು 3.4 ಗ್ರಾಂ ತೂಗುವ ವಿಜಯನಗರದ ವರಹವನ್ನು ಐರೋಪ್ಯ ಕಂಪನಿಗಳು 'ಪಗೋಡ' ಎಂದು ಕರೆದು ಅನುಕರಿಸಿದವು. ಇಕ್ಕೇರಿಯ ನಾಯಕರ ವರಹದ ಮೇಲಿದ್ದ ಶಿವಪಾರ್ವತಿಯರನ್ನು ಹೈದರಾಲಿ ಹಾಗೆಯೇ ಉಳಿಸಿಕೊಂಡು, ಹಿಂಬದಿಯಲ್ಲಿ ಮಾತ್ರ ತನ್ನ ಹೆಸರಿನ ಮೊದಲಕ್ಷರವನ್ನು ಪಾರಸಿ ಲಿಪಿಯಲ್ಲಿ ಹಾಕಿಸಿದ. ಜನ ನಂಬಿದ ನಾಣ್ಯವನ್ನು ಕೆಡಿಸಬಾರದೆಂಬ ವಿವೇಕ ಅದು. ಟಿಪ್ಪುವಿನ ಮೌಲೂದಿ ಶಕೆಯ ನಾಣ್ಯಗಳಲ್ಲಿ ಇಸವಿಯ ಅಂಕಿಗಳು ಬಲದಿಂದ ಎಡಕ್ಕೆ ಸಾಗುತ್ತವೆ. ತಿಳಿಯದವರು ಎಡವುವುದು ಸಹಜ. ಈ ವಿಷಯದಲ್ಲಿ ಆಸಕ್ತಿಯುಳ್ಳವರು ಡಾ. ಎ. ವಿ. ನರಸಿಂಹಮೂರ್ತಿಯವರ ಕರ್ನಾಟಕದ ನಾಣ್ಯಗಳ ಅಧ್ಯಯನದಿಂದ ಆರಂಭಿಸಬಹುದು.

ನಮ್ಮ ಡಬ್ಬಿಯ ಆನೆಯ ಕಾಸುಗಳು ಮುಮ್ಮಡಿ ಕೃಷ್ಣರಾಜ ಒಡೆಯರ ಕಾಲದವು. ಒಂದು ಬದಿಯಲ್ಲಿ ಆನೆ, ಅದರ ಮೇಲೆ ಸೂರ್ಯಚಂದ್ರರು. ಇನ್ನೊಂದು ಬದಿಯಲ್ಲಿ 'ಮಯಿಲಿ ಕಾಸು' ಎಂಬ ಕನ್ನಡದ ಬರಹ, ಜೊತೆಗೆ ಇಂಗ್ಲಿಷ್. ಆ ಬರಹವಿರಬೇಕಾದ ಜಾಗ ನಮ್ಮ ಕಾಸುಗಳಲ್ಲಿ ಬಹುತೇಕ ಬೋಳಾಗಿದೆ. ಅದಕ್ಕೆ ಕಾರಣ ನಾನೇ.

ತೊಳೆಯಬೇಡಿ

ಹತ್ತು-ಹನ್ನೊಂದರ ವಯಸ್ಸಿನಲ್ಲಿ, ಚೌತಿಗೆ ಮನೆಯ ತಾಮ್ರ-ಹಿತ್ತಾಳೆಯ ಪಾತ್ರೆಗಳನ್ನು ಬೆಳಗುತ್ತಿದ್ದಾಗ, ಆ ಕಾಸುಗಳನ್ನೂ ಹುಣಸೆಹುಳಿ ಮತ್ತು ಬೂದಿ ಹಾಕಿ ತಿಕ್ಕಿದೆ. ಅವು ಫಳಫಳ ಹೊಳೆದವು. ತಂದೆಯವರು ಗದರಲಿಲ್ಲ, ಡಬ್ಬಿಯನ್ನು ಮೇಲಿನ ಅಡ್ಡಕ್ಕೆ ಏರಿಸಿಟ್ಟರು. ಹಳೆಯ ತಾಮ್ರದ ಮೇಲಿನ ಕಂದು ಅಥವಾ ಹಸಿರುಗಪ್ಪು ಪದರ ಕೊಳೆಯಲ್ಲ. ಲೋಹ ಗಾಳಿಯೊಡನೆ ದಶಕಗಳ ಕಾಲ ವರ್ತಿಸಿ ತನ್ನ ಮೇಲೆ ತಾನೇ ಬೆಳೆಸಿಕೊಂಡ ಚರ್ಮ. ಹುಣಸೆಯ ಆಮ್ಲ ಅದನ್ನು ಕರಗಿಸುತ್ತದೆ. ಬೂದಿಯ ಹರಳುಗಳು ಅಕ್ಷರಗಳ ಅಂಚನ್ನು ಸವೆಸುತ್ತವೆ. ಹೋದ ಪದರವನ್ನು ಮರಳಿ ತರಲಾಗದು.

ಆದ್ದರಿಂದ ಈ ಹವ್ಯಾಸದ ಮೊದಲ ಸೂತ್ರ: ತೊಳೆಯಬೇಡಿ, ಉಜ್ಜಬೇಡಿ. ನಾಣ್ಯವನ್ನು ಅಂಚಿನಲ್ಲಿ ಹಿಡಿಯಬೇಕು. ಬೆರಳಿನ ಬೆವರಿನ ಉಪ್ಪು ಮುಖದ ಮೇಲೆ ಗುರುತು ಬಿಡುತ್ತದೆ. ಮೆತ್ತನೆಯ ಪಿವಿಸಿ ಪ್ಲಾಸ್ಟಿಕ್ ಜೇಬುಗಳು ಕಾಲಕ್ರಮೇಣ ಆಮ್ಲವನ್ನು ಬಿಡುಗಡೆ ಮಾಡಿ, ತಾಮ್ರದ ಮೇಲೆ ಹಸಿರು ಅಂಟನ್ನು ಕೂರಿಸುತ್ತವೆ. ಪಾಲಿಯೆಸ್ಟರ್ ಜೇಬು ಅಥವಾ ಆಮ್ಲರಹಿತ ಕಾಗದದ ಲಕೋಟೆ ಸುರಕ್ಷಿತ. ಪುಡಿಪುಡಿಯಾಗಿ ಉದುರುವ ತಿಳಿಹಸಿರು ಚುಕ್ಕೆಗಳು ಕಂಡರೆ ಮಾತ್ರ ಎಚ್ಚರ ಬೇಕು. ಅದು ಕ್ಲೋರೈಡಿನಿಂದ ಬರುವ 'ಕಂಚಿನ ರೋಗ'. ಅಂಥ ನಾಣ್ಯವನ್ನು ಒಣ ಜಾಗದಲ್ಲಿ ಬೇರೆಯಾಗಿರಿಸಿ ತಜ್ಞರಿಗೆ ತೋರಿಸಬೇಕು. ನೋಟುಗಳಿಗೆ ಇಸ್ತ್ರಿ ಹಾಕುವುದೂ ಹರಿದಲ್ಲಿ ಅಂಟುಪಟ್ಟಿ ಹಚ್ಚುವುದೂ ಸಲ್ಲದು.

ಅಸಲಿ ಮತ್ತು ನಕಲಿ

ಗ್ರಾಮಿನ ನೂರನೇ ಒಂದು ಭಾಗವನ್ನು ತೋರಿಸುವ ತಕ್ಕಡಿ, ಭೂತಗನ್ನಡಿ, ಅಯಸ್ಕಾಂತ: ಈ ಮೂರು ಇದ್ದರೆ ಅರ್ಧ ಪರೀಕ್ಷೆ ಮುಗಿದಂತೆ. ಬೆಳ್ಳಿ ಅಯಸ್ಕಾಂತಕ್ಕೆ ಅಂಟುವುದಿಲ್ಲ. ನಾಣ್ಯವನ್ನು ಗಾಳಿಯಲ್ಲಿ ತೂಗಿ, ಬಳಿಕ ದಾರದಲ್ಲಿ ಕಟ್ಟಿ ನೀರಿನಲ್ಲಿ ಮುಳುಗಿಸಿ ತೂಗಿದರೆ ಸಾಂದ್ರತೆ ತಿಳಿಯುತ್ತದೆ. 11.66 ಗ್ರಾಮಿನ ಅಸಲಿ ಬೆಳ್ಳಿಯ ರೂಪಾಯಿ ನೀರಿನಲ್ಲಿ ಸುಮಾರು 1.13 ಗ್ರಾಂ ಹಗುರವಾಗುತ್ತದೆ. ಅದೇ ತೂಕದ ಹಿತ್ತಾಳೆಯಾದರೆ ಸುಮಾರು 1.37 ಗ್ರಾಂ.

ನಾಣ್ಯದ ಮೇಲಿನ ಇಸವಿಯನ್ನೂ ಕಣ್ಣುಮುಚ್ಚಿ ನಂಬುವಂತಿಲ್ಲ. ನಮ್ಮ ಡಬ್ಬಿಯ ಮಹಿಳೆ ಆಸ್ಟ್ರಿಯಾದ ರಾಣಿ ಮರಿಯಾ ಥೆರೇಸಾ. ಆಕೆ ತೀರಿಕೊಂಡದ್ದು 1780ರಲ್ಲಿ. ಆದರೆ ಕೆಂಪು ಸಮುದ್ರ ಮತ್ತು ಅರೇಬಿಯಾದ ವ್ಯಾಪಾರಿಗಳು ಆ ನಾಣ್ಯವನ್ನಲ್ಲದೆ ಬೇರೆಯದನ್ನು ಒಪ್ಪದ ಕಾರಣ, ಅದೇ ಇಸವಿಯೊಡನೆ ಅದನ್ನು ಶತಮಾನಗಳವರೆಗೆ ಟಂಕಿಸಿದರು. ಎರಡನೆಯ ಮಹಾಯುದ್ಧದ ಕಾಲದಲ್ಲಿ ಮುಂಬಯಿಯ ಟಂಕಸಾಲೆಯಲ್ಲಿಯೂ ಅಚ್ಚಾದವು. ನಮ್ಮದು ಎಲ್ಲಿಯದೆಂದು ಹೇಳಲು ಸೂಕ್ಷ್ಮ ಗುರುತುಗಳನ್ನು ಬಲ್ಲವರೇ ಬೇಕು.

ಕಾನೂನಿನ ಮಾತು

ವಿದೇಶದಲ್ಲಿರುವ ನಾವು ಮುಖ್ಯವಾಗಿ ತಿಳಿದಿರಬೇಕಾದ ಎರಡು ವಿಷಯಗಳಿವೆ. ಮೊದಲನೆಯದು: ಭಾರತದ 1972ರ ಪ್ರಾಚ್ಯವಸ್ತು ಮತ್ತು ಕಲಾನಿಧಿ ಕಾಯಿದೆಯ ಪ್ರಕಾರ ನೂರು ವರ್ಷಕ್ಕಿಂತ ಹಳೆಯ ನಾಣ್ಯ ಪ್ರಾಚ್ಯವಸ್ತು, ಖಾಸಗಿ ವ್ಯಕ್ತಿಗಳು ಅದನ್ನು ದೇಶದಿಂದ ಹೊರಗೆ ಒಯ್ಯುವಂತಿಲ್ಲ. ಅಜ್ಜನ ಆಸ್ತಿಯೆಂಬ ಕಾರಣಕ್ಕೆ ವಿನಾಯಿತಿಯಿಲ್ಲ. ವಸ್ತು ಅಷ್ಟು ಹಳೆಯದಲ್ಲವೆಂದು ತೋರಿದರೆ ಭಾರತೀಯ ಪುರಾತತ್ವ ಸರ್ವೇಕ್ಷಣೆಯಿಂದ ಪ್ರಮಾಣಪತ್ರ ಪಡೆಯಬಹುದು. ಎರಡನೆಯದು: 2016ರ ನವೆಂಬರಿನಲ್ಲಿ ರದ್ದಾದ 500 ಮತ್ತು 1,000 ರೂಪಾಯಿಯ ನೋಟುಗಳು. 2017ರ ಕಾಯಿದೆಯಂತೆ ಇವನ್ನು ಯಾರೂ ಒಟ್ಟು ಹತ್ತಕ್ಕಿಂತ ಹೆಚ್ಚು ಇಟ್ಟುಕೊಳ್ಳುವಂತಿಲ್ಲ. ಅಧ್ಯಯನ, ಸಂಶೋಧನೆ ಅಥವಾ ನಾಣ್ಯಶಾಸ್ತ್ರದ ಉದ್ದೇಶಕ್ಕಾದರೆ 25ರವರೆಗೆ ಅವಕಾಶವಿದೆ. ಮೀರಿದರೆ 10,000 ರೂಪಾಯಿ ಅಥವಾ ಮುಖಬೆಲೆಯ ಐದು ಪಟ್ಟು, ಎರಡರಲ್ಲಿ ಹೆಚ್ಚಿನದು ದಂಡ. ಹಳೆಯ ಪರ್ಸುಗಳನ್ನೂ ಪ್ರವಾಸದ ಚೀಲಗಳನ್ನೂ ಒಮ್ಮೆ ತಡಕಿ ನೋಡುವುದು ಒಳ್ಳೆಯದು.

ಇದೇ ಕಾರಣಕ್ಕೆ ನಮ್ಮ ಡಬ್ಬಿ ಕುಂದಾಪುರದಲ್ಲಿ ಅಕ್ಕನ ಮನೆಯಲ್ಲಿದೆ. ನನ್ನ ಬಳಿ ಇರುವುದು ಛಾಯಾಚಿತ್ರಗಳು ಮತ್ತು ಪಟ್ಟಿ ಮಾತ್ರ. ಮೊದಲಿಗೆ ಬೇಸರವಾಗಿತ್ತು, ಈಗ ಅದು ಇರಬೇಕಾದ ಜಾಗದಲ್ಲೇ ಇದೆ ಎನ್ನಿಸುತ್ತದೆ.

ವೃತ್ತಾಂತವನ್ನು ಬರೆದಿಡುವುದು

ಪ್ರತಿ ವಸ್ತುವಿಗೊಂದು ಲಕೋಟೆ, ಅದರ ಮೇಲೊಂದು ಕ್ರಮಸಂಖ್ಯೆ ಇರಲಿ. ಅದೇ ಸಂಖ್ಯೆಯಡಿ ಪುಸ್ತಕವೊಂದರಲ್ಲಿ ತೂಕ, ವ್ಯಾಸ, ಲೋಹ, ಎರಡೂ ಬದಿಯ ಬರಹ, ಎರಡೂ ಬದಿಯ ಛಾಯಾಚಿತ್ರ ದಾಖಲಾಗಲಿ. ಎಲ್ಲಕ್ಕಿಂತ ಮುಖ್ಯವಾಗಿ, ಅದು ಯಾರಿಂದ, ಎಲ್ಲಿ, ಯಾವಾಗ, ಯಾವ ಸಂದರ್ಭದಲ್ಲಿ ಬಂತೆಂದು ಬರೆಯಿರಿ. ಕೊಂಡದ್ದಾದರೆ ರಸೀದಿಯನ್ನು ಜೊತೆಗಿಡಿ. ಖಚಿತವಲ್ಲದ್ದನ್ನು 'ಅಂತೆ' ಎಂದೇ ಬರೆಯಿರಿ. ಅಂತೆಕಂತೆಗಳೂ ಮುಂದಿನವರಿಗೆ ಸುಳಿವಾಗಬಹುದು. ತೂಕ, ವ್ಯಾಸಗಳನ್ನು ನೂರು ವರ್ಷದ ನಂತರವೂ ಯಾರಾದರೂ ಅಳೆಯಬಲ್ಲರು. ತಂದವರ ಹೆಸರನ್ನು ಯಾವ ತಕ್ಕಡಿಯೂ ಹೇಳಲಾರದು.

ಮುಂದಿನ ಬಾರಿ ಊರಿಗೆ ಹೋದಾಗ ಹಿರಿಯರ ಬಳಿ ಅರ್ಧ ಗಂಟೆ ಕುಳಿತು, ಕಪಾಟಿನ ಡಬ್ಬಿಗಳನ್ನು ಅವರೆದುರಿಗೇ ತೆರೆದು ಕೇಳಿ. ಅವರ ಮಾತನ್ನು ಫೋನಿನಲ್ಲಿ ಧ್ವನಿಮುದ್ರಿಸಿಕೊಳ್ಳಿ. ಕೆಂಪು ನೋಟಿನ ಲಕೋಟೆಯ ಮೇಲೆ ನಾನು ಬರೆದದ್ದು ಇಷ್ಟು: ಗಲ್ಫ್ ರೂಪಾಯಿ, ಹತ್ತು, ಅಸಲಿ. ಬಹರೈನಿನಲ್ಲಿ ದುಡಿದ ಚಿಕ್ಕಪ್ಪನ ಸಂಬಳದ್ದು. ಅಪ್ಪಯ್ಯ ಕಾಪಾಡಿಟ್ಟದ್ದು; ಯಾಕೆಂದು ಕೇಳಿಲ್ಲ.